ವೈನಿನ ಪಾಲು, ಚಿಕ್ಕಪ್ಪನ ಗೆರೆ

ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ನಮ್ಮ ಚಿಕ್ಕಪ್ಪನ ಆ ಬಂಗಾರಕ್ಕೆ ಬೆಂಕಿ ಬೀಳ!

ಅಂಕಿಅಂಶ ಇಲಾಖೆಯಲ್ಲಿ ಅವರದ್ದು ನಕ್ಷೆ ಬರೆಯುವ ಕೆಲಸ. ದೇಶದ ಜನ ಕುಡಿದದ್ದನ್ನೆಲ್ಲ ವರ್ಷಕ್ಕೊಮ್ಮೆ ಒಂದು ವೃತ್ತದೊಳಗೆ ಹಂಚಬೇಕು: ವೈನಿಗೆ ಕೆಂಪು, ಬಿಯರಿಗೆ ಹಳದಿ, ಉಳಿದದ್ದಕ್ಕೆ ನೀಲಿ. ಸ್ವತಃ ಒಂದು ತೊಟ್ಟು ಮುಟ್ಟಿದವರಲ್ಲ. ಕೆಲಸಕ್ಕೆ ಸೇರಿದಾಗ ಕೆಂಪು ನೂರಕ್ಕೆ ನಲವತ್ತಿತ್ತು. ಹಳದಿ ವರ್ಷವರ್ಷವೂ ಒತ್ತುವರಿ ಮಾಡಿ ಅದನ್ನು ಇಪ್ಪತ್ನಾಲ್ಕಕ್ಕೆ ಇಳಿಸಿತು.

ಆ ವರ್ಷವೇ ಊರಿನ ವೈನ್ ಕಾರ್ಖಾನೆ ಮುಚ್ಚಿತು. ಅಲ್ಲಿ ಬಾಟಲಿಗಳನ್ನು ಬೆಳಕಿಗೆ ಹಿಡಿದು ಕಸ ನೋಡುತ್ತಿದ್ದ ಚಿಕ್ಕಮ್ಮನನ್ನು ಕಂಪನಿ ಆರು ಗಂಟೆ ದೂರದ ಬಿಯರ್ ಕಾರ್ಖಾನೆಗೆ ವರ್ಗ ಮಾಡಿತು. “ವೈನ್ ಮತ್ತೆ ಮೂವತ್ತು ಮುಟ್ಟಲಿ, ಇದನ್ನ ತೆರೀತೀವಿ” ಅಂದರು ಮಾಲೀಕರು. ಚಿಕ್ಕಮ್ಮ ತಿಂಗಳಿಗೊಂದು ಭಾನುವಾರ ಬರತೊಡಗಿದಳು. ಚಿಕ್ಕಪ್ಪ ಆ ಮೂವತ್ತಕ್ಕಾಗಿ ಚಾತಕಪಕ್ಷಿಯಂತೆ ಕಾದರು. ಹಾಸಿಗೆಯಲ್ಲಿ ಅವಳ ಬದಿಗೆ ಹೊರಳುತ್ತಿರಲಿಲ್ಲ. ಅವಳ ಮನೆಚಪ್ಪಲಿ ಒರೆಸಿ ಬಾಗಿಲ ಬಳಿಯೇ ಇಡುತ್ತಿದ್ದರು. ಬಾಯಿ ಮಾತ್ರ ಬಿಡಲಿಲ್ಲ.

ಇಪ್ಪತ್ತಾರು, ಇಪ್ಪತ್ತೇಳು, ಮತ್ತೆ ಇಪ್ಪತ್ತಾರು. ಹನ್ನೆರಡನೆಯ ವರ್ಷ ಇಪ್ಪತ್ತೊಂಬತ್ತು. ಜೀವಮಾನದಲ್ಲಿ ಕೂದಲೆಳೆಯಷ್ಟೂ ತಪ್ಪದ ಮನುಷ್ಯ ಅಂದು ಕೆಂಪು ಗೆರೆಯನ್ನು ಮೂವತ್ತಕ್ಕೆ ಸರಿಸಿ ಎಳೆದರು. ಪಕ್ಕದಲ್ಲಿ ಅಂಕಿ ಬರೆಯುವಾಗ ಮಾತ್ರ ನಿಜವಾದ ಇಪ್ಪತ್ತೊಂಬತ್ತನ್ನೇ ಬರೆದರು. ಸರಿಯಾಗಿ ಕದಿಯಲೂ ಬಾರದ ಜೀವ! ಮಾಲೀಕರು ಅಂಕಿ ಓದಿದರು, ಕಾರ್ಖಾನೆ ತೆರೆಯಲಿಲ್ಲ.

ಗೆರೆಯನ್ನು ಗಮನಿಸಿದವಳು ಚಿಕ್ಕಮ್ಮ ಒಬ್ಬಳೇ. ಕಸ ಹುಡುಕುವ ಕಣ್ಣಲ್ಲವೇ? ಭಾನುವಾರ ಬಂದವಳೇ ನಕ್ಷೆ ಅಚ್ಚಾಗಿದ್ದ ಇಲಾಖೆಯ ವರದಿ ಬಿಡಿಸಿ, ಕೋನಮಾಪಕ ಇಟ್ಟು ಅಳೆದಳು.

“ಇದು ಮೂವತ್ತಿದೆಯಲ್ರೀ. ಏನಿದು?”

ಚಿಕ್ಕಪ್ಪ ತಲೆ ತಗ್ಗಿಸಿದರು.

“ನಾನು ವಾಪಸ್ ಬರಲಿ ಅಂತಾನಾ?”

ಹೌದೆಂದು ತಲೆಯಾಡಿಸಿದರು. ಅವಳ ಕಣ್ಣು ತುಂಬಿತು.

“ಅಯ್ಯೋ ನಿಮ್ಮ! ನಾನಿಲ್ದಿದ್ರೂ ನಿಮಗೆ ನಡೆಯುತ್ತೆ ಅಂದ್ಕೊಂಡು ಹನ್ನೆರಡು ವರ್ಷ ಅಲ್ಲೇ ಬಿದ್ದಿದ್ದೆ. ಒಂದೇ ಒಂದು ಸಲ ಬಾ ಅಂದಿದ್ರೆ ಆ ಕೆಲಸಕ್ಕೆ ಎಳ್ಳುನೀರು ಬಿಟ್ಟು ಬರ್ತಿದ್ದೆ. ಈಗಲಾದ್ರೂ ಬಾಯಿಬಿಟ್ಟು ಹೇಳಿ.”

ಸಂಜೆ ಅವಳನ್ನು ಬಸ್ಸಿಗೆ ಹತ್ತಿಸಲು ನಾನೂ ಹೋಗಿದ್ದೆ. ಕಿಟಕಿಯ ಪಕ್ಕ ಕೂತು ಇವರನ್ನೇ ನೋಡುತ್ತಿದ್ದಳು. “ಹೇಳಿ ಚಿಕ್ಕಪ್ಪ!” ಎಂದು ತಿವಿದೆ. ಗಂಟಲು ಸರಿಮಾಡಿಕೊಂಡರು. ಕನ್ನಡಕ ತೆಗೆದು ಒರೆಸಿದರು. ಬಸ್ಸು ತಿರುವು ದಾಟಿ ಮರೆಯಾದ ಮೇಲೆ, ಖಾಲಿ ರಸ್ತೆಯನ್ನು ನೋಡುತ್ತಾ, “ಬಾ” ಎಂದರು.