ಜಗಲಿಯಲ್ಲಿ ಯಾರೂ ಇರಲಿಲ್ಲ

ನನ್ನ ಅಪ್ಪಯ್ಯ ಶಿರಸಿ ಕೋರ್ಟಿನಲ್ಲಿ ವಕೀಲ. ನಾನು ಹನ್ನೊಂದಕ್ಕೆ ಮದುವೆಯಾಗಿ, ಗಂಡನ ಮನೆಯ ದಾರಿ ಸರಿಯಾಗಿ ತಿಳಿಯುವ ಮೊದಲೇ ವಿಧವೆಯಾಗಿ ತವರಿಗೆ ಮರಳಿದವಳು. ಮೂವತ್ತರ ದಶಕದ ಆ ವರ್ಷಗಳಲ್ಲಿ ನನಗೆ ಇಪ್ಪತ್ತು ದಾಟಿತ್ತು. ಬೋಳುತಲೆ, ಕೆಂಪು ಸೀರೆ. ಹೆತ್ತ ಆಯಿ ಆಗಲೇ ತೀರಿಕೊಂಡಿದ್ದಳು. ಅಪ್ಪಯ್ಯನ ಕಣ್ಣಿಗೆ ಪೊರೆ ಬರತೊಡಗಿದ್ದರಿಂದ ಅವನಿಗೆ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಬೆಳಿಗ್ಗೆ ಕಾಯಿದೆ ಪುಸ್ತಕ, ಕೋರ್ಟಿನಿಂದ ಬಂದ ಮೇಲೆ ಕಾದಂಬರಿ.

ಕೆಟ್ಟವನು ಕೊನೆಗೆ ಒಳ್ಳೆಯವನಾಗುವ ಕಥೆಯೆಂದರೆ ಅಪ್ಪಯ್ಯನಿಗೆ ಪ್ರಾಣ. ಮಗನನ್ನು ಮನೆಯಿಂದ ಹೊರಗೆ ಹಾಕಿದ ಯಜಮಾನ ಕೊನೆಯ ಅಧ್ಯಾಯದಲ್ಲಿ ಬಾಗಿಲು ತೆರೆದು ನಿಂತರೆ ಇವನು ಪಂಚೆಯ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ಬರೆಯುವವರಿಗೆ ಕಾಗದ ಮುಗಿಯುತ್ತ ಬಂದಾಗಲೇ ಇವರೆಲ್ಲರಿಗೂ ಬುದ್ಧಿ ಬರುತ್ತದಲ್ಲ ಎಂದು ನಾನು ತಮಾಷೆ ಮಾಡುತ್ತಿದ್ದೆ. ಆದರೆ ಒಳಗೊಳಗೆ ನಾನೂ ನಂಬಿದ್ದೆ. ನಂಬದೆ ನನ್ನಂಥವಳು ಆ ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಹೇಗೆ ಕೂತಿರಬೇಕಿತ್ತು?

ಕಾಯಿದೆ ಪುಸ್ತಕದಲ್ಲಿ ಅಂಥ ಅಧ್ಯಾಯ ಇರಲಿಲ್ಲ. ಕರಾರು ಎಂದರೇನು ಎಂದು ಅಪ್ಪಯ್ಯ ನನಗೆ ಬಿಡಿಸಿ ಹೇಳಿದ್ದ. “ಒಬ್ಬ ಹಿಂಗೆ ಮಾಡ್ತೆ ಹೇಳವು, ಇನ್ನೊಬ್ಬ ಅಡ್ಡಿಲ್ಲೆ ಹೇಳವು, ಇಬ್ರಿಗೂ ಅದ್ರಿಂದ ಎಂತಾದ್ರೂ ಬರವು. ಅಷ್ಟಾದ್ರೆ ಕರಾರಾತು. ಬಾಯಿಮಾತಾದ್ರೂ ಅಡ್ಡಿಲ್ಲೆ.” ಕರಾರು ಮಾಡುವವನು ವಯಸ್ಸಿಗೆ ಬಂದಿರಬೇಕು, ಬುದ್ಧಿ ನೆಟ್ಟಗಿರಬೇಕು. ಸಾಕ್ಷಿ ಹೇಳಲು ಕೇಳಿದ್ದು ತಿಳಿದು ಉತ್ತರ ಕೊಡುವ ಶಕ್ತಿ ಇದ್ದರೆ ಸಾಕು. ಬೋಳುತಲೆಯ ಬಗ್ಗೆ ಅಲ್ಲಿ ಒಂದಕ್ಷರವೂ ಇರಲಿಲ್ಲ. ನಾನು ತಿರುಗಿ ಓದಿ ಖಾತ್ರಿ ಮಾಡಿಕೊಂಡಿದ್ದೆ.

ಮಂಚಿಕೇರಿಯಲ್ಲಿದ್ದ ಸೋದರಮಾವ ಊರಿನವರ ಅಡಿಕೆ ಕೊಂಡು ಹುಬ್ಬಳ್ಳಿಗೆ ಕಳಿಸುವ ವ್ಯಾಪಾರಸ್ಥ. ಶಿರಸಿಗೆ ಬಂದರೆ ನಮ್ಮಲ್ಲೇ ಉಳಿಯುತ್ತಿದ್ದ. ಅವನು ಕೆಲಸಕ್ಕೆ ಹೊರಟಾಗ ನಾನು ಎದುರು ಬರಕೂಡದು. ಬಂದರೆ ತಿರುಗಿ ಹೋಗಿ, ಕೂತು, ನೀರು ಕುಡಿದು ಮತ್ತೆ ಹೊರಡುತ್ತಿದ್ದ. ಆದರೆ ಕೂತಲ್ಲಿಗೆ ನೀರು, ಬೀಸಣಿಗೆ, ಪೀಕದಾನಿ ಎಲ್ಲವನ್ನೂ ನಾನೇ ತರಬೇಕು.

ಯಲ್ಲಾಪುರದ ಗಾಡಿ ಸಾಬರು ಬಹಳ ವರ್ಷಗಳಿಂದ ಮಾವನ ಮೂಟೆ ಸಾಗಿಸುತ್ತಿದ್ದರು. ಅವರಿಬ್ಬರ ನಡುವೆ ಕಾಗದಪತ್ರ ಇರಲಿಲ್ಲ. ನಮ್ಮ ಕಡೆ ವ್ಯವಹಾರದ ಮಾತು ಮುಗಿದ ಮೇಲೆ ವೀಳ್ಯದೆಲೆಗೆ ಸುಣ್ಣ ಹಚ್ಚಿ, ಅಡಿಕೆಯಿಟ್ಟು ಕವಳ ಕೊಟ್ಟರೆ, ಇನ್ನೊಬ್ಬ ಅದನ್ನು ಬಾಯಿಗೆ ಹಾಕಿಕೊಂಡರೆ, ಮಾತು ಗಟ್ಟಿಯಾದಂತೆ. ಅದರ ಮೇಲೆ ಬರೆದು ಕೊಡಿ ಎನ್ನುವುದು ಅವಮಾನ.

ಒಂದು ದಿನ ಅಪ್ಪಯ್ಯ ಕೋರ್ಟಿಗೆ ಹೋಗಿದ್ದ. ಮಾವ ನಮ್ಮ ಜಗಲಿಯಲ್ಲಿ ಕವಳದ ಹರಿವಾಣ ಮುಂದಿಟ್ಟುಕೊಂಡು ಕೂತಿದ್ದ. ಸಾಬರು ಮೆಟ್ಟಿಲ ಮೇಲೆ. ನಾನು ಗೋಡೆಯ ಬದಿಗೆ ದೇವರ ಬತ್ತಿ ಹೊಸೆಯುತ್ತಿದ್ದೆ. ಎತ್ತಿನ ಗಾಡಿಯ ಕಾಲ ಮುಗಿಯಿತು, ಲಾರಿ ಕೊಂಡುಕೋ ಎಂದು ಮಾವ ಹೇಳಿದ. ಮೂರು ವರ್ಷ ತನ್ನ ಮೂಟೆಯೆಲ್ಲ ಸಾಬರಿಗೇ. ಅದಕ್ಕೆ ಬದಲಾಗಿ ಸುಗ್ಗಿಯಲ್ಲಿ ಅವರು ಬೇರೆಯವರ ಮಾಲು ಮುಟ್ಟಬಾರದು. ಸಾಬರು ತುಂಬ ಹೊತ್ತು ಯೋಚಿಸಿ ಆಗಲಿ ಅಂದರು. ಮಾವ ಡಬ್ಬಿ ತೆರೆದು, ನನ್ನ ಕಡೆ ತಿರುಗದೆ, “ಸುಣ್ಣ ಒಣಗಿ ಹೋಯ್ದು. ಬೇರೆ ತಾ,” ಅಂದ. ನಾನು ತಂದುಕೊಟ್ಟೆ. ಅದನ್ನೇ ಹಚ್ಚಿ ಕವಳ ಕಟ್ಟಿ ಸಾಬರ ಕೈಗೆ ಹಾಕಿದ. ಅವರು ಬಾಯಿಗೆ ಹಾಕಿಕೊಂಡರು.

ಸಾಬರು ಎತ್ತು, ಗಾಡಿ ಎಲ್ಲವನ್ನೂ ಮಾರಿ ಹಳೆಯ ಲಾರಿಯೊಂದನ್ನು ಕೊಂಡರು. ಮಗ ಓಡಿಸಲು ಕಲಿತ. ಒಂದು ಸುಗ್ಗಿ ನಡೆಯಿತು. ಆಮೇಲೆ ಅಡಿಕೆಯ ದರ ನೆಲಕ್ಕೆ ಬಿತ್ತು. ಹುಬ್ಬಳ್ಳಿಯ ಲಾರಿಯವನೊಬ್ಬ ಕಡಿಮೆ ಬಾಡಿಗೆಗೆ ಬರುತ್ತೇನೆಂದ. ಮಾವ ಮೂಟೆಗಳನ್ನು ಅವನಿಗೆ ಕೊಟ್ಟುಬಿಟ್ಟ. ಸಾಬರ ಲಾರಿ ಮರದ ಕೆಳಗೆ ನಿಂತಿತು.

ಅವರು ಅಪ್ಪಯ್ಯನ ಬಳಿ ಬಂದರು. ಕೂಗಾಡಲಿಲ್ಲ. ನಡೆದದ್ದನ್ನು ಹೇಳಿ, “ಇದಕ್ಕ ಕಾಯಿದಾ ಏನಂತೈತ್ರಿ ವಕೀಲರೇ?” ಎಂದು ಕೇಳಿದರು.

“ಕರಾರು ಹೌದು,” ಅಂದ ಅಪ್ಪಯ್ಯ. “ಸಾಕ್ಷಿ ಯಾರಿದ್ದರು?”

ಸಾಬರು ನೆಲ ನೋಡುತ್ತ, “ನಿಮ್ಮ ಮಗಳು ಅಲ್ಲೇ ಕುಂತಿದ್ರಲ್ರಿ,” ಅಂದರು.

ಅಪ್ಪಯ್ಯ ನನ್ನತ್ತ ತಿರುಗಿದ. “ಆನು ಕೇಳಿದ್ದಿ. ಮೂರು ವರ್ಷ ಹೇಳಿದ್ದು ಹೌದು,” ಅಂದೆ. ನಾನು ಕಿವಿಯಾರೆ ಕೇಳಿದ ಮಾತಿನ ಮೇಲೆ ಒಂದು ಮನೆಯ ಅನ್ನ ನಿಂತಿತ್ತು, ಆ ಮಾತನ್ನು ನಾನು ಹೇಳಬಲ್ಲವಳಾಗಿದ್ದೆ. ಹುಟ್ಟಿದ ಮೇಲೆ ಮೊದಲ ಸಲ ಬೇಕಾದವಳಾಗಿದ್ದೆ. ಅದರ ಸಂತೋಷವನ್ನು ಇವತ್ತೂ ಮುಚ್ಚಿಡಲಾರೆ.

ಅಪ್ಪಯ್ಯ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವವನು. ಮೊದಲು ಭಾವನನ್ನು ಕೇಳಿ ನೋಡುತ್ತೇನೆ ಅಂದ. ಮಾವ ಬಂದ ದಿನ ನಾನು ಬಾಗಿಲ ಬಳಿಯೇ ಕೂತೆ. ಇದೇ ಆ ಅಧ್ಯಾಯ ಅಂದುಕೊಂಡೆ. ಮಾವ ಕೆಟ್ಟವನಲ್ಲ, ನಾನು ಜ್ವರ ಬಂದು ಮಲಗಿದ್ದಾಗ ಔಷಧಿಗೆ ಸಿದ್ದಾಪುರದವರೆಗೆ ಹೋಗಿ ಬಂದವನು. ನೆನಪಿಸಿದರೆ ನಾಚುತ್ತಾನೆ, ಮೂಟೆ ತಿರುಗಿ ಕೊಡುತ್ತಾನೆ ಎಂದು ನಂಬಿದ್ದೆ.

“ಆ ಮಾತು ಆಡಿದ್ದು ಹೌದಾ ಭಾವಾ?” ಎಂದು ಅಪ್ಪಯ್ಯ ಕೇಳಿದ.

“ಎಂತೆಂತದೋ ಮಾತಾಡಿರ್ತಿ. ಅದೆಲ್ಲ ಕರಾರಾಗ್ತಾ? ಯಾರ ಎದ್ರಿಗೆ ಆಡಿದ್ದಿ? ಜಗಲಿಯಲ್ಲಿ ಯಾರೂ ಇತ್ತಿದ್ವಿಲ್ಲೆ.”

“ಆನು ಇದ್ದಿದ್ದಿ ಮಾವಾ. ಸುಣ್ಣ ತಂದುಕೊಟ್ಟಿದ್ದಿ.”

ಮಾವ ನನ್ನನ್ನು ನೋಡಿದ. ಅವನ ಮುಖದಲ್ಲಿ ಕಳ್ಳತನ ಇರಲಿಲ್ಲ, ಅದೇ ನನ್ನನ್ನು ಕೊಂದದ್ದು. ಅವನು ಸುಳ್ಳು ಹೇಳಿರಲಿಲ್ಲ. ಅವನ ನೆನಪಿನ ಆ ಜಗಲಿಯಲ್ಲಿ ನಿಜವಾಗಿಯೂ ಯಾರೂ ಇರಲಿಲ್ಲ. “ನೀನಾ?” ಎಂದು ನಕ್ಕ. “ನೀ ಇದ್ರೆ ಎಂತಾತು?”

ಸಾಬರನ್ನು ಮತ್ತೆ ಕರೆಸಿದಾಗ ಅಪ್ಪಯ್ಯ ಸುತ್ತುಬಳಸಿ ಮಾತಾಡುತ್ತಿದ್ದ. ದಾವೆ ಗೆಲ್ಲಬಹುದು ಅಂದ. ಬೇರೆ ವಕೀಲರು ಸಿಗುತ್ತಾರೆ ಅಂದ. ಮಗಳು ಕಟಕಟೆ ಹತ್ತಿದರೆ ಮಠದವರು, ನೆಂಟರು ಏನೆನ್ನುತ್ತಾರೋ ಅಂದ. ಸಾಬರೇ ಅವನ ಕಷ್ಟ ಕಂಡು ಕೈಯೆತ್ತಿ ತಡೆದರು.

“ಬ್ಯಾಡ್ರಿ. ಆ ಮಗಳನ್ನ ನಾಕು ಮಂದಿ ಮುಂದ ನಿಲ್ಲಿಸಿ ನಾ ಗೆಲ್ಲೂದು ಬ್ಯಾಡ. ನನ್ನ ಮನ್ಯಾಗೂ ಹೆಣ್ಮಕ್ಕಳದಾರ.”

“ಆನು ಹೇಳ್ತಿ ಅಪ್ಪಯ್ಯಾ. ಯಂಗೆ ಹೆದರಿಕೆ ಇಲ್ಲೆ,” ಅಂದೆ.

ಅಪ್ಪಯ್ಯ, “ಸುಮ್ನಿರು,” ಅಂದ. ಸಾಬರು ನನಗೆ ಕೈಮುಗಿದು ಮೆಟ್ಟಿಲಿಳಿದರು. ಅವರ ಮರ್ಯಾದೆಗೆ ಎಲ್ಲರೂ ತಲೆದೂಗಿದರು. ನನಗೆ ಮಾತ್ರ ಮಾವನಿಗಿಂತ, ಅಪ್ಪಯ್ಯನಿಗಿಂತ ಅವರ ಮೇಲೆಯೇ ಹೆಚ್ಚು ಸಿಟ್ಟು ಬಂತು. ಕೆಟ್ಟವನು ಜಗಲಿಯಲ್ಲಿ ಯಾರೂ ಇರಲಿಲ್ಲ ಅಂದ, ಅಂಜುಬುರುಕ ಸುಮ್ಮನಿರು ಅಂದ, ಒಳ್ಳೆಯವನು ಕೈಮುಗಿದು ನನ್ನನ್ನು ಬಿಟ್ಟು ಹೋದ. ಮೂವರಲ್ಲಿ ಒಬ್ಬನಾದರೂ ನಿನಗೇನು ಬೇಕು ಎಂದು ಕೇಳಲಿಲ್ಲ.

ಮಳೆಗಾಲ ಹಿಡಿಯುವ ಮೊದಲೇ ಸಾಬರ ಲಾರಿ ಸಿಕ್ಕಿದ ಬೆಲೆಗೆ ಮಾರಿಹೋಯಿತು. ಮಗ ಇಡಗುಂದಿಯ ಕಡೆ ಕಾಡಿನಲ್ಲಿ ಕಡಿದ ಮರದ ನಾಟಾ ಎಳೆಸುವ ಕೂಲಿಗೆ ಸೇರಿ, ದಿಮ್ಮಿ ಉರುಳಿ ಕಾಲು ಮುರಿದುಕೊಂಡ. ಸಾಬರು ಆ ವಯಸ್ಸಿನಲ್ಲಿ ಇನ್ನೊಬ್ಬರ ಗಾಡಿಯನ್ನು ಕೂಲಿಗೆ ಹೊಡೆಯತೊಡಗಿದರು. ಈ ಸುದ್ದಿಗಳೆಲ್ಲ ಒಂದೊಂದಾಗಿ ನಮ್ಮ ಮನೆಗೆ ಬಂದವು. ಅಪ್ಪಯ್ಯ ಕೇಳಿ ಪಾಪ ಅನ್ನುತ್ತಿದ್ದ.

ಮುಂದಿನ ಸುಗ್ಗಿಗೆ ಹುಬ್ಬಳ್ಳಿಯ ಲಾರಿಯವನು ಮಾತಿಗೆ ಬಂದ. ಅಪ್ಪಯ್ಯನೂ ಜಗಲಿಯಲ್ಲಿದ್ದ. ಮಾವ ಹರಿವಾಣ ಎಳೆದುಕೊಂಡು, ಎಲೆ ಒರೆಸಿ, ಇನ್ನೇನು ಬಾಯಿ ತೆರೆಯಬೇಕು, ಗೋಡೆಯ ಬದಿಗಿದ್ದ ನನ್ನನ್ನು ಕಂಡು ತಡೆದ. ಅಷ್ಟು ವರ್ಷಗಳಲ್ಲಿ ಅವನು ನಾನಿರುವುದನ್ನು ನೋಡಿ ಮಾತು ನಿಲ್ಲಿಸಿದ್ದು ಅದೇ ಮೊದಲು.

“ಒಳಗೆ ಹೋಗು,” ಅಂದ.

ನಾನು ಏಳಲಿಲ್ಲ. ಅಪ್ಪಯ್ಯನ ಮುಖ ನೋಡಿದೆ. ಅವನು ಬೇರೆಲ್ಲೋ ನೋಡುತ್ತ, ಮೆಲ್ಲಗೆ, “ಹೋಗೇ ಕೂಸೇ,” ಅಂದ.

ಎದ್ದು ಒಳಗೆ ಹೋದೆ. ಮಾವ ತಾನೇ ಬಂದು ಬಾಗಿಲು ಹಾಕಿಕೊಂಡ.