ಏಳು ಮನೆಗೆ ಒಂದೇ ಬೂದಿ ಬಣ್ಣ

"ಅಮ್ಮಾ, ಪ್ರತಿ ವಾರ ಮೆಲ್ರಾಯ್ ಮಾಮಂದೇ ಯಾಕೆ ಕೇರ್‌ವೋಖ?"

ಮಗಳು ಸಂಹಿತಾ ಕೇಳಿದಾಗ ಕಲ್ಯಾಣಿ ನಗು ತಡೆದುಕೊಂಡಳು. ಜರ್ಮನಿಯ ಸಿಂಡೆಲ್‌ಫಿಂಗೆನ್ನಿನ ಆ ಕಟ್ಟಡದಲ್ಲಿ ವಾರಕ್ಕೊಂದು ಮನೆಯವರು ಮೆಟ್ಟಿಲು ಗುಡಿಸಬೇಕು, ಅದೇ ಕೇರ್‌ವೋಖ. ಮೂವತ್ತು ವರ್ಷ ಅದರ ಪಟ್ಟಿಯನ್ನು ಕೈಯಲ್ಲೇ ಬರೆದ ಮೇಲಿನ ಮಹಡಿಯ ಅಜ್ಜಿ ಫ್ರೌ ಬೆಕ್, ಈಗ ಕೈ ನಡುಗುತ್ತದೆಂದು ಆ ಕೆಲಸವನ್ನು ಅದೇ ಕಟ್ಟಡದಲ್ಲಿದ್ದ ಮಂಗಳೂರಿನ ಮೆಲ್ರಾಯ್‌ಗೆ ಒಪ್ಪಿಸಿದ್ದರು. ಅಲ್ಲಿ ನೆಲೆಸಿ ಕೆಲಸ ಮಾಡುವ ಪರವಾನಗಿ, ಬ್ಲೂ ಕಾರ್ಡ್, ಬಂದ ದಿನವೂ ಅವನು ಅಷ್ಟು ಹಿಗ್ಗಿರಲಿಲ್ಲ.

ಮೂರು ಸಂಜೆ ಎಕ್ಸೆಲ್ ಮುಂದೆ ಕೂತ. ವಾರವಾರಕ್ಕೂ ಹೆಸರು ಬರೆದರೆ ಅಂದ ಕೆಡುತ್ತದೆಂದು ಚೌಕಗಳಿಗೆ ಮನೆಗೊಂದು ಬಣ್ಣ ತುಂಬಿದ. ಅದರಲ್ಲಿದ್ದ ಸಿದ್ಧ ಬಣ್ಣಗಳು ಮನಸ್ಸಿಗೆ ಬಾರದೆ, ಬಣ್ಣದ ಅಂಕಿಗಳನ್ನು ತಿದ್ದಿ ತಿದ್ದಿ ತಾನೇ ಬೆರೆಸಿದ: ಫ್ರೌ ಬೆಕ್‌ಗೆ ಅವರ ಕಾಲೊರಸಿನ ತಿಳಿನೀಲಿ, ಕಲ್ಯಾಣಿಗೆ ಅರಿಶಿನ. ಯಾರದು ಯಾವ ಬಣ್ಣವೆಂದು ಕೆಳಗೆ ಸೂಚಿಯನ್ನೂ ಕೊಟ್ಟ.

ಫ್ರೌ ಬೆಕ್ ಅದನ್ನು ತಮ್ಮ ಕಪ್ಪು-ಬಿಳುಪು ಪ್ರಿಂಟರಿನಲ್ಲಿ ತೆಗೆದು ಕೆಳಬಾಗಿಲಿಗೆ ಅಂಟಿಸಿದರು. ಏಳು ಮನೆಗೂ ಒಂದೇ ಬೂದಿ! ಯಾರ ವಾರವೆಂದು ತಿಳಿಯದೆ ಯಾರೂ ಪೊರಕೆ ಮುಟ್ಟಲಿಲ್ಲ. ಮೆಲ್ರಾಯ್ ಒಬ್ಬನೇ ಗುಡಿಸತೊಡಗಿದ.

"ಎಂತ ಮಾರಾಯ, ಹೆಸರು ಬರೆದ್ರೆ ಮುಗೀತಲ್ಲ?" ಎಂದಳು ಕಲ್ಯಾಣಿ.

"ಹೆಸರು ಫ್ರೌ ಬೆಕ್ ಕೂಡ ಬರೀತಿದ್ರಲ್ಲ ಅಕ್ಕ. ಮತ್ತೆ ನಾನು ಎಂತ ಮಾಡಿದ ಹಾಗಾಯ್ತು?" ಅವನು ಪೊರಕೆಯನ್ನು ಗೋಡೆಗೆ ಒರಗಿಸಿದ. "ನಾಳೆಯೊಳಗೆ ಸರಿಯಾಗದಿದ್ರೆ ಪಟ್ಟಿ ವಾಪಸ್ ತಗೊಳ್ತಾರಂತೆ."

ಆಮೇಲೆ ಮೇಲಿನ ಮಹಡಿಯತ್ತ ಒಮ್ಮೆ ನೋಡಿ ದನಿ ತಗ್ಗಿಸಿದ.

"ಸಂಹಿತಾಳ ಬಣ್ಣದ ಪೆನ್ಸಿಲ್ ಡಬ್ಬಿ ಒಂದು ದಿನಕ್ಕೆ ಕೊಡ್ತೀರಾ? ಅರಿಶಿನ ಉಂಟಲ್ಲ ಅದ್ರಲ್ಲಿ?"