ನಿಮ್ಮನೆ ಅಂತಲೇ ತಿಳ್ಕೊಳ್ಳಿ

ರಾಜಾಜಿನಗರ ಆಗಿನ್ನೂ ಹೊಸ ಬಡಾವಣೆ. ಮುಂದಿನ ಮನೆಯಲ್ಲಿ ನಮ್ಮ ಮನೆ ಒಡೆಯರಿದ್ದರು, ಅವರ ಹಿತ್ತಲಿನ ಎರಡು ಕೋಣೆಗಳಲ್ಲಿ ನಾವು ಬಾಡಿಗೆಗಿದ್ದೆವು.

"ಇದು ನಿಮ್ಮನೆ ಅಂತಲೇ ತಿಳ್ಕೊಳ್ಳಿ, ಆದ್ರೆ..." ಎಂದೇ ಅವರ ಮಾತು ಶುರುವಾಗುತ್ತಿತ್ತು. ಆದರೆ, ಮೊಳೆ ಹೊಡೆಯಬಾರದು. ಆದರೆ, ಒಗ್ಗರಣೆ ಹೊಗೆ ಸುಣ್ಣಕ್ಕೆ ತಾಗಬಾರದು. ಆದರೆ, ಬಂದ ನೆಂಟರು ಊಟವಾದ ಮೇಲೆ ಉಳಿಯಬಾರದು. ದಿನಕ್ಕೊಮ್ಮೆ ಒಳಗೆ ಬಂದು ಬೆರಳ ಗೆಣ್ಣಿನಿಂದ ಗೋಡೆ ತಟ್ಟಿ, ಕಿವಿಯಿಟ್ಟು ಕೇಳುತ್ತಿದ್ದರು. ನಾನು ಜ್ವರ ಬಂದು ಮಲಗಿದ್ದಾಗಲೂ ಅವರು ವಿಚಾರಿಸಿದ್ದು ಗೋಡೆಯ ಆರೋಗ್ಯವನ್ನೇ.

ಕೊನೆಗೆ ಅಪ್ಪ ನಾಯಂಡಹಳ್ಳಿ ಕಡೆ ಬೇರೆ ಮನೆ ನೋಡಿದರು. "ನಿಮ್ಮ ಜಾಗಕ್ಕೆ ಒಳ್ಳೆ ಸಂಸಾರ ಸಿಗೋವರೆಗೂ ಹೋಗಬೇಡಿ" ಎಂದರು ಒಡೆಯರು. ಅಪ್ಪ ಹೂಂ ಅಂದುಬಿಟ್ಟರು.

ಮನೆ ನೋಡಲು ಬಂದ ಮೊದಲ ದಂಪತಿಗೆ ಅಪ್ಪ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅವರು ಚಪ್ಪಲಿ ಮೆಟ್ಟಿಕೊಂಡು ಹೋದವರು ತಿರುಗಿ ಬರಲಿಲ್ಲ. ನಾವು ಮತ್ತೆ ಮೂರು ತಿಂಗಳು ಅಲ್ಲೇ ಉಳಿದೆವು.

ಆಮೇಲೆ ಬಂದ ಹೆಂಗಸು ಒಡೆಯರ ಎದುರಿಗೇ ಅಮ್ಮನನ್ನು ಕೇಳಿದರು: "ಓನರ್ ಹೇಗಮ್ಮ?"

ಒಡೆಯರು ಗೋಡೆ ತಟ್ಟುವುದನ್ನು ನಿಲ್ಲಿಸಿ ಇತ್ತ ಕಿವಿಯಿಟ್ಟರು.

"ದೇವರಂಥೋರು ಕಣ್ರೀ. ನಮಗಂತೂ ಬಿಟ್ಟುಹೋಗೋಕೆ ಮನಸ್ಸೇ ಇಲ್ಲ" ಎಂದಳು ಅಮ್ಮ.

ಒಡೆಯರು ಹೆಗಲ ಟವೆಲಿನಿಂದ ಕಣ್ಣೊರೆಸಿಕೊಂಡರು. ಆ ಹೆಂಗಸು ಮನೆಗೆ ಒಪ್ಪಿದರು.

ಸಾಮಾನು ತುಂಬಿದ ಎತ್ತಿನ ಗಾಡಿ ಬೀದಿ ದಾಟಿದ ಮೇಲೆ ಅಪ್ಪ ಕೇಳಿದರು, "ಅಷ್ಟು ದೊಡ್ಡ ಸುಳ್ಳು ಹೇಳೋಕೆ ನಿಂಗೆ ಭಯ ಆಗ್ಲಿಲ್ವೇನೇ?"

"ಸುಳ್ಳು ಹೇಳೋವಾಗ ಆಗ್ಲಿಲ್ಲ. ಅವರು ಕಣ್ಣೊರೆಸ್ಕೊಂಡಾಗ ಆಯ್ತು. ಎಲ್ಲಿ ನಮ್ಮನ್ನೇ ಇರಿ ಅಂದ್ಬಿಡ್ತಾರೋ ಅಂತ!"